ತಂಪಾನೂರಿನಲ್ಲೊಂದು ಆಟ: ವರ್ತಮಾನದ ಕಥೆಗೆ ಎಷ್ಟು ನಿಯಮ ಬೇಕು?

ಟೇಬಲ್‌ಟಾಪ್ ರೋಲ್‌ಪ್ಲೇ ಆಟಕ್ಕೆ ಬೋರ್ಡು ಬೇಕಾಗಿಲ್ಲ, ಕೊನೆಗೆ ಒಬ್ಬರು ಗೆಲ್ಲಬೇಕೆಂದೂ ಇಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಗೇಮ್ ಮಾಸ್ಟರ್ ಎನಿಸಿಕೊಂಡವರು ಸನ್ನಿವೇಶವನ್ನು ಬಣ್ಣಿಸಿ, ಉಳಿದ ಎಲ್ಲ ಪಾತ್ರಗಳ ಪರವಾಗಿ ಮಾತಾಡುತ್ತಾರೆ. ‘ಈಗ ಏನು ಮಾಡ್ತೀರಿ?’ ಎಂಬ ಪ್ರಶ್ನೆಯಿಂದ ಆಟ ಮುಂದೆ ಸಾಗುತ್ತದೆ. ಮಾಡಿದ ಕೆಲಸ ಕೈಗೂಡಿತೇ ಇಲ್ಲವೇ ಎಂಬುದು ಮಾತಿನಲ್ಲಿ ಇತ್ಯರ್ಥವಾಗದಿದ್ದಾಗ ದಾಳ ಉರುಳುತ್ತದೆ. ಯಾವಾಗ ಉರುಳಿಸಬೇಕು, ಬಿದ್ದ ಸಂಖ್ಯೆಯಿಂದ ಕಥೆಗೆ ಏನಾಗುತ್ತದೆ ಎಂದು ಹೇಳುವ ನಿಯಮಗಳ ಕಟ್ಟನ್ನು ಸಿಸ್ಟಮ್ ಎನ್ನುತ್ತಾರೆ.

ಈ ಬಗೆಯ ಮೊದಲ ಪ್ರಕಟಿತ ಆಟ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಹೊರಬಂದದ್ದು 1974ರಲ್ಲಿ. ಅದರ ಪುಸ್ತಕಗಳು ಮುಂದೆ ದಪ್ಪವಾಗುತ್ತ ಹೋದದ್ದಕ್ಕೆ ಕಾರಣವಿದೆ. ಕತ್ತಿ, ಮಂತ್ರ, ರಕ್ಕಸರ ಆ ಲೋಕವನ್ನು ಆಡುವವರಲ್ಲಿ ಯಾರೂ ಕಂಡಿಲ್ಲ. ಮಂತ್ರ ಎಷ್ಟು ದೂರ ತಾಗುತ್ತದೆ, ರಕ್ಕಸನ ತೊಗಲು ಎಷ್ಟು ಗಟ್ಟಿ ಎಂಬುದನ್ನು ಪುಸ್ತಕ ಹೇಳದೆ ಬೇರೆ ಯಾರೂ ಹೇಳಲಾರರು. ಇಂದಿನ ಕಾಲದಲ್ಲಿ, ಗೊತ್ತಿರುವ ಊರಿನಲ್ಲಿ ನಡೆಯುವ ಕಥೆಗೆ ಆ ತೊಂದರೆ ಇಲ್ಲ. ಆಟೊಗೆ ಕೈ ಅಡ್ಡ ಹಿಡಿದರೆ ಏನಾಗುತ್ತದೆ, ‘ಸಾಹೇಬರು ಊಟಕ್ಕೆ ಹೋಗಿದ್ದಾರೆ’ ಎಂದು ಕಚೇರಿಯಲ್ಲಿ ಹೇಳಿದರೆ ಎಷ್ಟು ಹೊತ್ತು ಕಾಯಬೇಕು ಎಂಬುದು ಮೇಜಿನ ಸುತ್ತ ಕೂತ ಎಲ್ಲರಿಗೂ ತಿಳಿದದ್ದೇ. ಹೀಗಾಗಿ ವರ್ತಮಾನದ ಕಥೆಗೆ ಸರಳ ಸಿಸ್ಟಮ್ ಯಾವುದೆಂದು ಪುಟ ಎಣಿಸಿ ನಿರ್ಧರಿಸುವಂತಿಲ್ಲ. ಆಡುವವರಿಗೆ ಆಗಲೇ ಗೊತ್ತಿರುವುದರ ಮೇಲೆ ಅದು ಎಷ್ಟು ನಂಬಿಕೆ ಇಡುತ್ತದೆ ಎಂಬುದನ್ನು ನೋಡಬೇಕು.

ಪ್ರಕಾಶಕರಿಗೆ ಇದು ಬೇಗ ಹೊಳೆದಂತಿಲ್ಲ. 1980ರಲ್ಲಿ ಬಂದ ಗೂಢಚಾರರ ಆಟ ಟಾಪ್ ಸೀಕ್ರೆಟ್ ಬಂದೂಕುಗಳ ಕೋಷ್ಟಕಗಳನ್ನು ತುಂಬಿಕೊಂಡೇ ಬಂತು. 2002ರ ಡಿ20 ಮಾಡರ್ನ್ ಡ್ರ್ಯಾಗನ್ ಆಟದ ಚೌಕಟ್ಟನ್ನೇ ಇಂದಿನ ನಗರಕ್ಕೆ ತೊಡಿಸಿತು. ಪಾತ್ರಗಳು ‘ಬಲಶಾಲಿ’, ‘ಚುರುಕು’, ‘ಗಟ್ಟಿಗ’, ‘ಬುದ್ಧಿವಂತ’ ಮುಂತಾದ ಆರು ವರ್ಗಗಳಾದವು. ಅವು ಲೆವೆಲ್ ಏರಿದಂತೆ ಪೆಟ್ಟು ತಾಳುವ ಶಕ್ತಿಯೂ ಏರುತ್ತದೆ. ಹತ್ತನೇ ಲೆವೆಲ್‌ಗೆ ಬಂದ ಗುಮಾಸ್ತ ಗುಂಡೇಟು ತಿಂದು ಎದ್ದು ನಡೆಯುವುದು ಈ ತರ್ಕದ ಫಲ. ಡ್ರ್ಯಾಗನ್ ಇರುವ ಕಡೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ರೈಲ್ವೆ ಸ್ಟೇಷನ್ನಿನ ಮುಂದೆ ನಡೆದರೆ ಮೇಜಿನಲ್ಲಿ ನಗು ಏಳುತ್ತದೆ.

ಸಿಸ್ಟಮ್‌ಗಳನ್ನು ತೂಗಲು ಒಂದು ನಿಶ್ಚಿತ ಸ್ಥಳ, ಒಂದು ನಿಶ್ಚಿತ ತೊಡಕು ಬೇಕು. ತಿರುವನಂತಪುರದ ತಂಪಾನೂರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಬದಿಯಲ್ಲಿ ತಿರುವನಂತಪುರಂ ಸೆಂಟ್ರಲ್ ರೈಲು ನಿಲ್ದಾಣ, ರಸ್ತೆಯಾಚೆ ಕೆಎಸ್‌ಆರ್‌ಟಿಸಿಯ ಬಸ್ ಟರ್ಮಿನಲ್, ಬಸ್ ಟರ್ಮಿನಲ್ ಬಳಿ ಲಾರಿ ಬೇಕರ್ ವಿನ್ಯಾಸಗೊಳಿಸಿದ ಕೆಂಪಿಟ್ಟಿಗೆಯ, ಸುರುಳಿ ಸುರುಳಿಯಾಗಿ ಮೇಲೇರುವ ಇಂಡಿಯನ್ ಕಾಫಿ ಹೌಸ್. ಸ್ವಲ್ಪ ದೂರ ಹೋದರೆ ಕಿಳಕ್ಕೇಕೋಟ್ಟ, ಪದ್ಮನಾಭಸ್ವಾಮಿ ದೇವಸ್ಥಾನ, ಚಾಲೆ ಮಾರುಕಟ್ಟೆ; ಇನ್ನೊಂದು ದಿಕ್ಕಿಗೆ ಸೆಕ್ರೆಟೇರಿಯಟ್. ತಂಪಾನೂರು ಜೋರು ಮಳೆ ಬಂದರೆ ನೀರು ನಿಲ್ಲುವ ತಗ್ಗು. ಕನ್ನಡಿಗರಿಗೆ, ಅದರಲ್ಲೂ ಕಾಸರಗೋಡಿನವರಿಗೆ, ಇದು ಅಪರಿಚಿತ ಸ್ಥಳವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಈಗ ಅಲ್ಲಿನವರಿಗೆ ರಾಜಧಾನಿಯ ಕೆಲಸ ಎಂದರೆ ಸಂಜೆ ಮಲಬಾರ್ ಅಥವಾ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ತಂಪಾನೂರಿನಲ್ಲಿ ಇಳಿಯುವುದು.

ಪರೀಕ್ಷೆಗೆ ಇಟ್ಟುಕೊಳ್ಳಬಹುದಾದ ಕಥೆ ಇದು: ಊರಿನ ಶಾಲೆಯ ಜಾಗಕ್ಕೆ ಸಂಬಂಧಿಸಿದ ಮೂಲ ಕಾಗದಗಳನ್ನು ಸಂಜೆ ಐದರೊಳಗೆ ಸೆಕ್ರೆಟೇರಿಯಟ್‌ಗೆ ತಲುಪಿಸಲು ನಾಲ್ವರು ಬಂದಿಳಿಯುತ್ತಾರೆ. ನಿವೃತ್ತ ಹೆಡ್‌ಮಾಸ್ಟರ್, ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಯುವತಿ, ಗಲ್ಫಿನಿಂದ ಮರಳಿದ ಎಲೆಕ್ಟ್ರಿಷಿಯನ್, ಪಂಚಾಯತಿನ ಮಾಜಿ ಸದಸ್ಯೆ. ಪ್ಲಾಟ್‌ಫಾರ್ಮಿನಲ್ಲಿ ನೋಡಿದರೆ ಕೈಯಲ್ಲಿರುವುದು ಬೇರೆ ಯಾರದೋ ಬ್ಯಾಗು. ಒಳಗೆ ಕಾಗದಗಳಿಲ್ಲ, ಇರಬಾರದ ವಸ್ತುವೊಂದಿದೆ. ಮುಂದಿನ ಏಳೆಂಟು ಗಂಟೆಗಳೇ ಆಟ.

ಇಂಥ ಕಥೆಯಲ್ಲಿ ನಿಜವಾಗಿ ಆಗುವುದೇನು? ಆಟೊ ಸ್ಟ್ಯಾಂಡಿನಲ್ಲಿ ವಿಚಾರಿಸುವುದು, ಸಿಸಿಟಿವಿ ತೋರಿಸಲು ಒಪ್ಪದ ಸಿಬ್ಬಂದಿಯನ್ನು ಒಲಿಸುವುದು, ಪೊಲೀಸರ ಹತ್ತಿರ ಹೋಗುವುದೋ ಬೇಡವೋ ಎಂದು ಜಗಳ, ಕೊನೆಗೆ ಒಂದು ಓಟ. ಬಂದೂಕು ಬರುವ ಸಾಧ್ಯತೆ ತೀರ ಕಡಿಮೆ. ಬಂದರೂ ಒಮ್ಮೆ, ಬಂದಾಗ ಎಲ್ಲರೂ ಬೆವರಬೇಕು. ಮೊಬೈಲ್ ಫೋನು ಮಾತ್ರ ಪ್ರತಿ ಐದು ನಿಮಿಷಕ್ಕೊಮ್ಮೆ ಬರುತ್ತದೆ. ‘ಅವನಿಗೇ ಫೋನ್ ಮಾಡಿ ಕೇಳಿದರಾಯ್ತಲ್ಲ’ ಎಂದು ಒಬ್ಬ ಆಟಗಾರ ಹೇಳಿದ ಕ್ಷಣ ಹಳೆಯ ಕಾಲದ ಎಷ್ಟೋ ಸಿದ್ಧ ಕಥೆಗಳು ಕುಸಿದು ಬೀಳುತ್ತವೆ. ಟವರ್ ಸಿಗ್ತಿಲ್ಲ, ಚಾರ್ಜ್ ಮುಗೀತು ಎಂದು ಗೇಮ್ ಮಾಸ್ಟರ್ ಸುಳ್ಳು ಹೇಳತೊಡಗಿದರೆ ಆಟದ ಮರ್ಯಾದೆಯೂ ಮುಗಿಯಿತು. ಫೋನು ಕೆಲಸ ಮಾಡಬೇಕು, ಯುಪಿಐ ಪಾವತಿಯ ಜಾಡು ಸಿಗಬೇಕು, ಮಾಹಿತಿ ಕೈಗೆ ಬರಬೇಕು. ಅದಕ್ಕೆ ತೆರಬೇಕಾದ ಬೆಲೆಯನ್ನು ಕೇಳಲು ಸಿಸ್ಟಮ್ ನೆರವಾಗಬೇಕು. ವರ್ತಮಾನದ ಸಿಸ್ಟಮ್‌ಗೆ ಇದೇ ಮುಖ್ಯ ಪರೀಕ್ಷೆ.

ಸ್ಥಳವೇ ನಿಯಮವಾಗುವುದಕ್ಕೂ ಇಲ್ಲಿ ಉದಾಹರಣೆ ಇದೆ. ಕಾಫಿ ಹೌಸಿನಲ್ಲಿ ಮಹಡಿ ಮೆಟ್ಟಿಲುಗಳಿಲ್ಲ. ಇಳಿಜಾರು ನೆಲ ಸುತ್ತುತ್ತ ಮೇಲೆ ಹೋಗುತ್ತದೆ, ಹೊರಗೋಡೆಯ ಉದ್ದಕ್ಕೂ ಕಟ್ಟಿದ ಮೇಜು, ಬೆಂಚು. ಮೇಲೆ ಕೂತವನು ತಪ್ಪಿಸಿಕೊಂಡು ಹೋಗಬೇಕಾದರೆ ಕೆಳಗೆ ಕೂತ ಎಲ್ಲರನ್ನೂ ಹಾದು, ಟ್ರೇ ಹಿಡಿದ ಪೇಟದ ಸರ್ವರುಗಳ ನಡುವೆ ನುಸುಳಿಯೇ ಇಳಿಯಬೇಕು. ಇಲ್ಲಿ ಬೆನ್ನಟ್ಟುವ ದೃಶ್ಯಕ್ಕೆ ಪುಸ್ತಕದಲ್ಲಿ ಮೂರು ಪುಟಗಳ ನಿಯಮ ಹುಡುಕುವವರಿಗೆ ಕಟ್ಟಡವನ್ನು ನೋಡುವ ಕಣ್ಣಿಲ್ಲ ಎನ್ನಬೇಕು.

ಎಲ್ಲ ಕಾಲಕ್ಕೂ ಎಲ್ಲ ಲೋಕಕ್ಕೂ ಒಂದೇ ಸಿಸ್ಟಮ್ ಎಂಬ ಹಂಬಲದಿಂದ 1986ರಲ್ಲಿ ಸ್ಟೀವ್ ಜ್ಯಾಕ್ಸನ್ ತಂದದ್ದು ಗರ್ಪ್ಸ್. ಅದರ 32 ಪುಟಗಳ ಉಚಿತ ಲೈಟ್ ಆವೃತ್ತಿಯನ್ನು ಸರಳ ಆಯ್ಕೆ ಎಂದು ಸೂಚಿಸುವವರಿದ್ದಾರೆ. ಮೂಲ ಉಪಾಯ ಅಚ್ಚುಕಟ್ಟು: ಆರು ಮುಖದ ಮೂರು ದಾಳ ಹಾಕಿ, ಮೊತ್ತ ಕೌಶಲದ ಅಂಕೆಗೆ ಸಮ ಅಥವಾ ಕಡಿಮೆ ಬಂದರೆ ಗೆಲುವು. ಕೌಶಲ 12 ಇದ್ದವರಿಗೆ ಶೇ. 74, 14 ಇದ್ದವರಿಗೆ ಶೇ. 91 ಅವಕಾಶ, ಪಳಗಿದವರು ಅಪರೂಪಕ್ಕೆ ಮಾತ್ರ ಎಡವುತ್ತಾರೆ. ಇದು ವಾಸ್ತವಕ್ಕೆ ಹತ್ತಿರ. ತೊಡಕಿರುವುದು ಪಾತ್ರ ಕಟ್ಟುವುದರಲ್ಲಿ. ಪ್ರತಿ ಗುಣ, ಪ್ರತಿ ಕೌಶಲವನ್ನು ಪಾಯಿಂಟ್ ಕೊಟ್ಟು ಕೊಳ್ಳಬೇಕು. ನಯವಾಗಿ ಒಪ್ಪಿಸುವುದು ಒಂದು ಕೌಶಲ, ಮಾತಿನ ಮೋಡಿಯಲ್ಲಿ ದಾರಿ ತಪ್ಪಿಸುವುದು ಇನ್ನೊಂದು. ನಿವೃತ್ತ ಹೆಡ್‌ಮಾಸ್ಟರು ಸ್ಟೇಷನ್ನಿನ ಸಿಬ್ಬಂದಿಯ ಮುಂದೆ ಅರ್ಧ ಗದರಿಸಿ ಅರ್ಧ ಬೇಡಿಕೊಂಡರೆ ಅದು ಯಾವ ಕೌಶಲ ಎಂಬ ಚರ್ಚೆ ಶುರುವಾಗುತ್ತದೆ. ಮೇಜಿನವರೆಲ್ಲ ಆ ಬಗೆಯ ಮೇಷ್ಟ್ರನ್ನು ಜೀವಮಾನವಿಡೀ ಕಂಡವರೇ. ಗೊತ್ತಿರುವುದನ್ನು ಮತ್ತೆ ಕಾನೂನು ಮಾಡುವ ಕೆಲಸಕ್ಕೆ ಗರ್ಪ್ಸ್ ಲೈಟ್ ಸಮಯ ಕಳೆಯುತ್ತದೆ. ಪುಟ ಕಡಿಮೆ, ಹೊರೆ ಕಡಿಮೆಯಲ್ಲ.

ಶೇನ್ ಹೆನ್ಸ್ಲಿಯ ಸ್ಯಾವೇಜ್ ವರ್ಲ್ಡ್ಸ್ (2003) ಇದಕ್ಕಿಂತ ಚುರುಕು. ಕೌಶಲ ಬೆಳೆದಂತೆ ದಾಳವೇ ದೊಡ್ಡದಾಗುತ್ತದೆ. ನಾಲ್ಕು ಮುಖದಿಂದ ಹನ್ನೆರಡು ಮುಖದವರೆಗೆ. ಜೊತೆಗೆ ಕಥಾನಾಯಕರಿಗೆ ಆರು ಮುಖದ ಇನ್ನೊಂದು ದಾಳ, ಎರಡರಲ್ಲಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು, 4 ಬಂದರೆ ಸಾಕು. ಸಾಧಾರಣ ಕೌಶಲಕ್ಕೂ ಶೇ. 75 ಗೆಲುವು ಸಿಗುವುದರಿಂದ ಆಟ ಓಡುತ್ತದೆ. ಹೊಡೆದಾಟದಲ್ಲಿ ಯಾರ ಸರದಿ ಮೊದಲು ಎಂದು ಇಸ್ಪೀಟ್ ಎಲೆ ಹಂಚಿ ತೀರ್ಮಾನಿಸುವುದು ನೋಡಲು ಚೆಂದ. ಆದರೆ ಪುಸ್ತಕದ ಮನಸ್ಸೆಲ್ಲ ಹೊಡೆದಾಟದ ಮೇಲೆಯೇ ಇದೆ. ಮೋಹನ್‌ಲಾಲ್ ಅವರ ಹಳೆಯ ಆ್ಯಕ್ಷನ್ ಚಿತ್ರದ ಧಾಟಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರನ್ನು ಉರುಳಿಸುವ ಆಟ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ಸಿಗದು. ಕಾಗದದ ಬ್ಯಾಗು ಹುಡುಕುವವರಿಗೆ ಅದರ ಅರ್ಧ ಪುಸ್ತಕ ವ್ಯರ್ಥ. ನಾಲ್ಕು, ಎಂಟು, ಹತ್ತು, ಹನ್ನೆರಡು ಮುಖದ ದಾಳಗಳು ಲೂಡೊ ಮಾರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ ಎಂಬುದೂ ಸಣ್ಣ ವಿಷಯವಲ್ಲ. ಸರಳ ಎನ್ನುವುದಕ್ಕೆ ಸಾಮಾನು ಸುಲಭವಾಗಿ ಸಿಗುವುದೂ ಸೇರಿದೆ.

ಶೇಕಡಾವಾರು ಸಿಸ್ಟಮ್‌ಗಳು ಹಳೆಯವು. ಅವನ್ನು ಹಳತೆಂದು ಬದಿಗಿಡುವ ಅಭ್ಯಾಸವೂ ಹಳೆಯದು, ಅದು ಸರಿಯಲ್ಲ. 1978ರ ರೂನ್‌ಕ್ವೆಸ್ಟ್ ಆಟದಿಂದ ಸಾರ ತೆಗೆದು, ಕೇಯೋಸಿಯಂ ಸಂಸ್ಥೆ 1980ರಲ್ಲಿ ಬೇಸಿಕ್ ರೋಲ್‌ಪ್ಲೇಯಿಂಗ್ ಎಂಬ 16 ಪುಟಗಳ ಕಿರುಪುಸ್ತಕ ತಂದಿತು. ಮರುವರ್ಷ ಸ್ಯಾಂಡಿ ಪೀಟರ್ಸನ್ ಅದನ್ನೇ ಬಳಸಿ ಕಾಲ್ ಆಫ್ ಕ್ತುಲ್ಹು ಎಂಬ ಭಯಾನಕ ರಸದ ಆಟ ರೂಪಿಸಿದರು. ಕೌಶಲಕ್ಕೆ ಎದುರಾಗಿ ಒಂದು ಶೇಕಡಾ ಅಂಕಿ. ಹತ್ತು ಮುಖದ ಎರಡು ದಾಳ ಹಾಕಿ ಅಷ್ಟೋ ಅದಕ್ಕಿಂತ ಕಡಿಮೆಯೋ ಬಂದರೆ ಗೆದ್ದಂತೆ. ಇದನ್ನು ವಿವರಿಸಲು ಅರ್ಧ ನಿಮಿಷ ಸಾಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿದ ಯಾರಿಗೂ ನೂರಕ್ಕೆ ಅರವತ್ತು ಎಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಮುಖದ ದಾಳ ಇಲ್ಲವೆಂದರೆ 0ಯಿಂದ 9ರವರೆಗೆ ಬರೆದ ಹತ್ತು ಚೀಟಿ ಡಬ್ಬಿಯಲ್ಲಿಟ್ಟು ಎರಡು ಸಲ ಎತ್ತಿದರೂ ಆದೀತು, ಮೊದಲ ಚೀಟಿಯನ್ನು ವಾಪಸು ಹಾಕಲು ಮರೆಯದಿದ್ದರೆ. (ಶಾಲೆಯ ಬುಕ್ ಕ್ರಿಕೆಟ್ ಮಾತ್ರ ಇಲ್ಲಿ ನಡೆಯದು, ಎಡ ಪುಟದಲ್ಲಿ ಯಾವಾಗಲೂ ಸರಿಸಂಖ್ಯೆಯೇ.)

ತಂಪಾನೂರಿನ ಕಥೆಗೆ ಈ ಸಿಸ್ಟಮ್ ಅನಿರೀಕ್ಷಿತವಾಗಿ ಒಗ್ಗುವುದು ಭಾಷೆಯ ವಿಷಯದಲ್ಲಿ. ಕಾಲ್ ಆಫ್ ಕ್ತುಲ್ಹುವಿನಲ್ಲಿ ಪ್ರತಿ ಭಾಷೆಯೂ ಒಂದೊಂದು ಕೌಶಲ. ಮನೆಮಾತು ಓದಿಗೆ ತಕ್ಕಷ್ಟು, ಉಳಿದ ಭಾಷೆಗಳು ಶೇ. 1ರಿಂದ ಶುರು. ಕಾಸರಗೋಡಿನ ಪಾತ್ರವೊಂದರ ಹಾಳೆಯಲ್ಲಿ ಕನ್ನಡ 80, ತುಳು 60, ಮಲಯಾಳ 70, ಹಿಂದಿ 25 ಎಂದು ಬರೆದ ಮೇಲೆ ಆ ವ್ಯಕ್ತಿ ಯಾರೆಂಬುದು ಅರ್ಧ ಹೇಳಿದಂತಾಯಿತು. 2014ರ ಏಳನೇ ಆವೃತ್ತಿಯಲ್ಲಿ ಕಷ್ಟದ ಕೆಲಸಕ್ಕೆ ಕೌಶಲದ ಅರ್ಧ, ಅತಿ ಕಷ್ಟದ್ದಕ್ಕೆ ಐದನೆಯ ಒಂದು ಭಾಗ ಎಂಬ ನಿಯಮ ಬಂದಿದೆ. ಕಾಸರಗೋಡಿನ ಮಲಯಾಳಕ್ಕೂ ತಿರುವನಂತಪುರದ ಮಲಯಾಳಕ್ಕೂ ಇರುವ ದೂರ ಕೇರಳದಲ್ಲಿ ನಗೆಹನಿಗಳ ವಸ್ತು. ಚಾಲೆ ಮಾರುಕಟ್ಟೆಯ ಇಬ್ಬರು ವ್ಯಾಪಾರಿಗಳು ತಮ್ಮತಮ್ಮಲ್ಲಿ ಬಿರುಸಾಗಿ ಆಡಿದ್ದನ್ನು ಕದ್ದು ಕೇಳಿ ಅರ್ಥಮಾಡಿಕೊಳ್ಳಬೇಕಾದರೆ 70 ಅಲ್ಲ, 35. ಹೊಸ ನಿಯಮ ಒಂದನ್ನೂ ಸೇರಿಸದೆ ಊರಿನ ನಿಜವೊಂದು ಆಟದೊಳಗೆ ಬಂದಿತು. ಸೋತ ದಾಳವನ್ನು ‘ತಳ್ಳಿ’ ಇನ್ನೊಮ್ಮೆ ಹಾಕುವ ಅವಕಾಶವೂ ಏಳನೇ ಆವೃತ್ತಿಯಲ್ಲಿದೆ; ಆದರೆ ಎರಡನೇ ಸಲವೂ ಸೋತರೆ ಕೆಟ್ಟದ್ದು ಖಂಡಿತ. ಸಿಸಿಟಿವಿ ಕೋಣೆಯ ಬಾಗಿಲಲ್ಲಿ ‘ಇಲ್ಲ’ ಎಂದವನನ್ನು ಮತ್ತೆ ಕಾಡಿದರೆ ಪೊಲೀಸರನ್ನು ಕರೆಯುತ್ತಾನೆ ಎಂಬುದು ಎಲ್ಲರಿಗೂ ಅರ್ಥವಾಗುವ ಬೆಲೆ.

ದೋಷವಿರುವುದು ಆರಂಭದ ಅಂಕಿಗಳಲ್ಲಿ. ಮರೆಯಲ್ಲಿರುವುದನ್ನು ಗಮನಿಸುವ ಕೌಶಲ ಕಲಿಯದವರಿಗೆ ಶೇ. 25, ಕೇಳಿಸಿಕೊಳ್ಳುವುದಕ್ಕೆ 20. ಎಲ್ಲದಕ್ಕೂ ದಾಳ ಹಾಕಿಸುವ ಗೇಮ್ ಮಾಸ್ಟರ್ ಸಿಕ್ಕರೆ ನಾಲ್ವರೂ ಕಿವುಡರು, ಕುರುಡರು ಆಗಿಬಿಡುತ್ತಾರೆ. ಇದೇ ವಂಶದ ಡೆಲ್ಟಾ ಗ್ರೀನ್ ಆಟದ 2016ರ ಆವೃತ್ತಿ ಇದಕ್ಕೆ ಮದ್ದು ಕಂಡುಕೊಂಡಿದೆ: ತುರ್ತು, ಅಪಾಯ ಇಲ್ಲದ ಕಡೆ ದಾಳವೇ ಬೇಡ, ಸಾಕಷ್ಟು ಕೌಶಲ ಇದ್ದರೆ ಕೆಲಸ ಆಯಿತು ಎಂದೇ ಲೆಕ್ಕ. ಆ ಆಟದ ಇನ್ನೊಂದು ಉಪಾಯ ‘ಬಾಂಡ್’. ಪಾತ್ರಕ್ಕೆ ಹತ್ತಿರದವರೊಂದಿಗಿನ ಸಂಬಂಧಕ್ಕೂ ಅಂಕಿ ಇರುತ್ತದೆ. ಮನಸ್ಸಿಗೆ ಬಿದ್ದ ಪೆಟ್ಟನ್ನು ಆ ಸಂಬಂಧದ ಮೇಲೆ ಹಾಕಿ ತಾನು ಪಾರಾಗಬಹುದು, ಸಂಬಂಧ ಸವೆಯುತ್ತದೆ. ಊರಿನಿಂದ ಬರುತ್ತಿರುವ ಫೋನನ್ನು ಎತ್ತದೆ ಕತ್ತರಿಸುವುದಕ್ಕೆ ಹೀಗೆ ಆಟದಲ್ಲಿ ಬೆಲೆ ಬಂದಿತು. ಆಗಾಗ ರಿಂಗಾಗುವ ಫೋನು ಕಥೆಗೆ ಅಡ್ಡಿಯಾಗುವ ಬದಲು ಕಥೆಯ ವಸ್ತುವಾಗುತ್ತದೆ. ಇಂದಿನ ಕಾಲದ ಆಟಕ್ಕೆ ಹತ್ತು ಬಂದೂಕು ಕೋಷ್ಟಕಗಳಿಗಿಂತ ಈ ಒಂದು ನಿಯಮ ಹೆಚ್ಚು ಬೇಕಾದದ್ದು.

ಪತ್ತೇದಾರಿಯ ತೊಡಕು ಇನ್ನೊಂದಿದೆ: ಸುಳಿವು ಸಿಗುವುದಕ್ಕೂ ದಾಳ ಹಾಕಿಸಿ, ದಾಳ ಸೋತರೆ ಕಥೆ ಅಲ್ಲೇ ನಿಂತುಬಿಡುತ್ತದೆ. ರಾಬಿನ್ ಲಾಸ್ ರೂಪಿಸಿದ ಗಮ್‌ಶೂ (2007) ಇದನ್ನು ಒಂದೇ ಮಾತಿನಲ್ಲಿ ಬಗೆಹರಿಸಿತು. ತಕ್ಕ ಕೌಶಲ ಇರುವ ಪಾತ್ರ ತಕ್ಕ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ಅದನ್ನಿಟ್ಟುಕೊಂಡು ಏನು ಮಾಡುತ್ತೀರಿ ಎಂಬುದರಲ್ಲಿ ಆಟವಿದೆ. ಇದಕ್ಕೆ ಇಡೀ ಗಮ್‌ಶೂ ಪುಸ್ತಕ ಕೊಳ್ಳಬೇಕಾಗಿಲ್ಲ. ಈ ನಿಯಮವನ್ನು ಯಾವ ಸಿಸ್ಟಮ್‌ಗೆ ಬೇಕಾದರೂ ಕಸಿ ಮಾಡಬಹುದು.

ವಿನ್ಸೆಂಟ್ ಮತ್ತು ಮೆಗಿ ಬೇಕರ್ ಅವರ ಅಪೊಕ್ಯಾಲಿಪ್ಸ್ ವರ್ಲ್ಡ್ (2010) ತೆರೆದ ದಾರಿ ಬೇರೆ. ಆರು ಮುಖದ ಎರಡು ದಾಳ, ಜೊತೆಗೆ ಒಂದು ಸಣ್ಣ ಅಂಕಿ. ಮೊತ್ತ 10 ಅಥವಾ ಮೇಲೆ ಬಂದರೆ ಪೂರ್ಣ ಗೆಲುವು, 7ರಿಂದ 9 ಬಂದರೆ ಗೆಲುವಿನ ಜೊತೆಗೊಂದು ಬೆಲೆ, 6ಕ್ಕೆ ಇಳಿದರೆ ಪೇಚು. ಅಂಕಿ +1 ಇದ್ದಾಗ ಮಧ್ಯದ ಫಲ ಬರುವ ಅವಕಾಶ ಶೇ. 44. ಹೆಚ್ಚಾಗಿ ಸಿಗುವುದು ‘ಆಯಿತು, ಆದರೆ…’ ಎಂಬ ಉತ್ತರವೇ, ಮತ್ತು ಸರ್ಕಾರಿ ಕಚೇರಿಗೆ ಹೋಗಿ ಬಂದವರಿಗೆ ಇದಕ್ಕಿಂತ ಸತ್ಯವಾದ ಸಂಭಾವ್ಯತೆ ಬೇರೆ ಇಲ್ಲ. ಇದೇ ಕ್ರಮದಲ್ಲಿ ಇಂದಿನ ಕಾಲಕ್ಕೆಂದು ಮೈಕಲ್ ಸ್ಯಾಂಡ್ಸ್ ಬರೆದ ಮಾನ್‌ಸ್ಟರ್ ಆಫ್ ದ ವೀಕ್ ಜನಪ್ರಿಯ. ಆದರೆ ಅದರ ಪಾತ್ರದ ಅಚ್ಚುಗಳು ಅಮೆರಿಕದ ಟಿವಿ ಧಾರಾವಾಹಿಗಳಿಂದ ಬಂದವು. ವಾರಕ್ಕೊಂದು ಪಿಶಾಚಿಯನ್ನು ಬೇಟೆಯಾಡುವ ಆ ಚೌಕಟ್ಟನ್ನು ಇಲ್ಲಿಗೆ ತರುವಾಗ ಎಡವುವುದು ಸುಲಭ. ಯಕ್ಷಿ ಮಲಯಾಳ ಕಥೆ, ಸಿನಿಮಾಗಳಲ್ಲಿ ಓಡಾಡಿದವಳು, ಆಟಕ್ಕೂ ಬಂದಾಳು. ಕಾಸರಗೋಡಿನ ತೆಯ್ಯಂ, ತುಳುನಾಡಿನ ಭೂತ ಹಾಗಲ್ಲ. ಅವು ಇಂದಿಗೂ ನಂಬಿ ನಡೆದುಕೊಳ್ಳುವ ದೈವಗಳು. ‘ಮಾನ್‌ಸ್ಟರ್’ ಎಂಬ ಖಾಲಿ ಜಾಗದಲ್ಲಿ ಅವನ್ನು ಬರೆಯುವುದು ಅವಿವೇಕ, ಆಟವಾಗಿಯೂ ಸುಳ್ಳು.

ಫೇಟ್ ಆ್ಯಕ್ಸೆಲರೇಟೆಡ್ (2013) ಸರಳ ಸಿಸ್ಟಮ್‌ಗಳ ಪಟ್ಟಿಯಲ್ಲಿ ತಪ್ಪದೆ ಬರುವ ಹೆಸರು, ಮತ್ತು ಅತ್ಯಂತ ಎಚ್ಚರದಿಂದ ಹೊಗಳಬೇಕಾದದ್ದು. ಇದರಲ್ಲಿ ಕೌಶಲಗಳೇ ಇಲ್ಲ. ಜಾಗರೂಕತೆ, ಜಾಣ್ಮೆ, ಆಡಂಬರ, ಬಲ, ವೇಗ, ಗುಟ್ಟು ಎಂಬ ಆರು ‘ರೀತಿ’ಗಳಿವೆ; ಒಂದಕ್ಕೆ +3, ಎರಡಕ್ಕೆ +2, ಎರಡಕ್ಕೆ +1, ಒಂದಕ್ಕೆ 0. ಕೂಡು, ಕಳೆ, ಖಾಲಿ ಎಂದು ಗುರುತಿರುವ ನಾಲ್ಕು ದಾಳ ಬೇಕು. ಲೂಡೊ ದಾಳದಲ್ಲಿ 1, 2ಕ್ಕೆ ಕಳೆ, 3, 4ಕ್ಕೆ ಖಾಲಿ, 5, 6ಕ್ಕೆ ಕೂಡು ಎಂದುಕೊಂಡರೆ ಅದೂ ಬಗೆಹರಿಯಿತು. ಆಟದ ಜೀವ ಇರುವುದು ‘ಆಸ್ಪೆಕ್ಟ್’ ಎಂಬ ವಾಕ್ಯಗಳಲ್ಲಿ. ಪಾತ್ರದ ಬಗ್ಗೆ ಬರೆದ ಒಂದೊಂದು ವಾಕ್ಯವೂ ನಿಯಮವೇ. ಹೆಡ್‌ಮಾಸ್ಟರ ಹಾಳೆಯಲ್ಲಿ ‘ಮೂರು ತಲೆಮಾರಿಗೆ ಪಾಠ ಹೇಳಿದ ಗಂಟಲು’ ಎಂದಿದ್ದರೆ, ಫೇಟ್ ಪಾಯಿಂಟ್ ಒಂದನ್ನು ಕೊಟ್ಟು ಆ ವಾಕ್ಯವನ್ನು ಎಳೆದು ತಂದು +2 ಪಡೆಯಬಹುದು. ‘ಯಾರ ತಪ್ಪನ್ನೂ ತಿದ್ದದೆ ಬಿಡಲಾರರು’ ಎಂಬ ಇನ್ನೊಂದು ವಾಕ್ಯ ಅವರನ್ನು ಸಿಕ್ಕಿಸಿಹಾಕಿದಾಗ ಪಾಯಿಂಟ್ ವಾಪಸು ಸಿಗುತ್ತದೆ. ಆಟದ ಎರಡೂ ತುದಿ ಆಟಗಾರ ತನ್ನ ಮಾತಿನಲ್ಲಿ ಬರೆದ ಹಾಳೆಯ ಮೇಲೆಯೇ ಇರುವುದರಿಂದ ಇಂಗ್ಲಿಷ್ ಪುಸ್ತಕದ ಹಂಗು ಬೇಗ ಕಳಚಿಕೊಳ್ಳುತ್ತದೆ. ಫೇಟ್‌ನ ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತವಾಗಿವೆ. ಕರ್ತೃಗಳ ಹೆಸರು ಕಾಣಿಸಿ ಕನ್ನಡಕ್ಕೆ ತಂದು ಹಂಚಲು ಅಡ್ಡಿಯಿಲ್ಲ.

ಎಚ್ಚರ ಬೇಕಾದದ್ದು ಎರಡು ಕಡೆ. ರೀತಿ ಮತ್ತು ಕಷ್ಟದ ಮಟ್ಟ ಸರಿಸಮ ಇದ್ದಾಗ ಗೆಲ್ಲುವ ಅಥವಾ ಸಣ್ಣ ಬೆಲೆ ತೆತ್ತು ಪಾರಾಗುವ ಅವಕಾಶ ಶೇ. 62, ಒಂದು ಫೇಟ್ ಪಾಯಿಂಟ್ ಖರ್ಚು ಮಾಡಿದರೆ ಅದು ಶೇ. 94. ಅಂದರೆ ದಾಳಕ್ಕಿಂತ ಪಾಯಿಂಟಿನ ಓಡಾಟವೇ ಆಟವನ್ನು ನಡೆಸುತ್ತದೆ. ಗೇಮ್ ಮಾಸ್ಟರ್ ಪಾತ್ರಗಳನ್ನು ಮತ್ತೆಮತ್ತೆ ಸಿಕ್ಕಿಸಿ ಪಾಯಿಂಟ್ ಹಂಚುತ್ತಿರದಿದ್ದರೆ ಸಿಸ್ಟಮ್ ಒಣಗಿಹೋಗುತ್ತದೆ. ಎರಡನೆಯದು ಇನ್ನೂ ಗಂಭೀರ. ವರ್ತಮಾನದ ಲೋಕ ನಿಂತಿರುವುದು ಪರಿಣತಿಯ ಮೇಲೆ. ಮೀಟರ್ ಬೋರ್ಡಿನ ವೈರು ಎಲೆಕ್ಟ್ರಿಷಿಯನ್‌ಗೆ ಗೊತ್ತು, ಪಂಚಾಯತಿನ ಕಡತದ ನಡೆ ಮಾಜಿ ಸದಸ್ಯೆಗೆ ಗೊತ್ತು. ‘ಜಾಣ್ಮೆ +3’ ಎಂಬ ಅಂಕಿಗೆ ಈ ವ್ಯತ್ಯಾಸ ತಿಳಿಯದು. ಆಸ್ಪೆಕ್ಟ್ ಓದಿ, ‘ನಿಮಗೆ ಇದು ಗೊತ್ತಿರಲು ಸಾಧ್ಯವಿಲ್ಲ’ ಎಂದು ಗೇಮ್ ಮಾಸ್ಟರೇ ಪ್ರತಿ ಸಲ ಹೇಳಬೇಕು. ಇಲ್ಲವಾದರೆ ಆಟಗಾರರು ಪ್ರತಿಯೊಂದು ಕೆಲಸವನ್ನೂ ತಮ್ಮ +3ರ ರೀತಿಯಲ್ಲೇ ಮಾಡುತ್ತೇವೆ ಎಂದು ವಾದಿಸುತ್ತಾರೆ, ಮಾತು ಬಲ್ಲವರ ಪಾತ್ರ ಸರ್ವಜ್ಞವಾಗುತ್ತದೆ.

ಒಂದೇ ಪುಟದ ಸಿಸ್ಟಮ್‌ಗಳ ವಿಷಯದಲ್ಲೂ ಹೊರೆ ಹೀಗೇ ಕೈ ಬದಲಾಯಿಸುತ್ತದೆ. ಜಾನ್ ಹಾರ್ಪರ್ ಅವರ ಲೇಸರ್ಸ್ ಅಂಡ್ ಫೀಲಿಂಗ್ಸ್ (2013) ಬಾಹ್ಯಾಕಾಶ ನೌಕೆಯ ಕಥೆ. ಪಾತ್ರಕ್ಕೆ 2ರಿಂದ 5ರ ನಡುವೆ ಒಂದೇ ಅಂಕಿ. ಬುದ್ಧಿಯ ಕೆಲಸಕ್ಕೆ ಅದಕ್ಕಿಂತ ಕಡಿಮೆ ಬೀಳಬೇಕು, ಭಾವದ ಕೆಲಸಕ್ಕೆ ಹೆಚ್ಚು. ಸಿದ್ಧತೆ ಇದ್ದರೆ ಒಂದು ದಾಳ ಹೆಚ್ಚು, ಪರಿಣತಿ ಇದ್ದರೆ ಇನ್ನೊಂದು. ಇದನ್ನು ತಂಪಾನೂರಿಗೆ ಇಳಿಸಲು ಎರಡು ಹೆಸರು ಬದಲಿಸಿದರೆ ಸಾಕು: ‘ಕಾಗದ’ ಮತ್ತು ‘ಮಾತು’. ಅಂಕಿ 4 ಇದ್ದವರು ದಾಖಲೆ, ನಿಯಮ, ಯಂತ್ರಗಳ ಮುಂದೆ ಗಟ್ಟಿ. ಮನುಷ್ಯರ ಮುಂದೆ ಒಂದೇ ದಾಳದಲ್ಲಿ ಗೆಲ್ಲಲು 5 ಅಥವಾ 6 ಬೀಳಬೇಕು. ಸರಿಯಾಗಿ 4 ಬಿದ್ದರೆ ಗೇಮ್ ಮಾಸ್ಟರ್‌ಗೆ ಒಂದು ಪ್ರಶ್ನೆ ಕೇಳಬಹುದು, ನಿಜವಾದ ಉತ್ತರ ಸಿಗುತ್ತದೆ. ಎಸ್. ಜಾನ್ ರಾಸ್ ಅವರ ರೈಸಸ್ ಕೂಡ ಕೆಲವೇ ಪುಟಗಳದು, ಪಾತ್ರವನ್ನು ಸವಕಲು ಮಾದರಿಗಳಾಗಿ ಬರೆದು ದಾಳ ಹಂಚುವ ಹಾಸ್ಯದ ಆಟ. ಎರಡು ಗಂಟೆಯ ಬಿಡುವಿಗೆ ಇವು ಸಾಕು. ಎರಡನೇ ದಿನ ಆಡಲು ಕೂತರೆ ಪಾತ್ರ ಬೆಳೆಯಲು ಜಾಗವೇ ಇರುವುದಿಲ್ಲ.

ಗೇಮ್ ಮಾಸ್ಟರ್ ಇಲ್ಲದೆಯೇ ನಡೆಯುವ ಫಿಯಾಸ್ಕೊ (2009) ಬೇರೆ ಜಾತಿಯದು. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ ಈ ಆಟದಲ್ಲಿ ಸಾಮಾನ್ಯ ಜನ ದುರಾಸೆಗೆ ಬಿದ್ದು ಹಾಳಾಗುವ ಕಥೆಯನ್ನು ಮೂರರಿಂದ ಐದು ಮಂದಿ ಒಂದೇ ಕೂಟದಲ್ಲಿ ಮುಗಿಸುತ್ತಾರೆ. ಸಂಬಂಧ, ಆಸೆ, ವಸ್ತು, ಸ್ಥಳಗಳ ಪಟ್ಟಿಯಿಂದ ದಾಳ ಹಾಕಿ ಆಯ್ದುಕೊಂಡು ಶುರುಮಾಡಬೇಕು. ತಂಪಾನೂರಿನ ಲಾಡ್ಜು, ಐಎಫ್‌ಎಫ್‌ಕೆ ಚಿತ್ರೋತ್ಸವದ ಪಾಸು, ಪ್ಲಾಟ್‌ಫಾರ್ಮಿನಲ್ಲಿ ಅದಲುಬದಲಾದ ಬ್ಯಾಗು, ಇಂಥವುಗಳ ಪಟ್ಟಿಯನ್ನು ಕನ್ನಡದಲ್ಲಿ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದು. ಆದರೆ ಬ್ಯಾಗು ಯಾರ ಬಳಿ ಇದೆ ಎಂಬ ಬಚ್ಚಿಟ್ಟ ಸತ್ಯ ಇಲ್ಲಿರುವುದಿಲ್ಲ. ಹುಡುಕುವ ಸುಖ ಬೇಕಾದವರಿಗೆ ಇದು ಸಲ್ಲದು.

ನಿಯಮ ಕಡಿಮೆಯಾದಷ್ಟೂ ಆಡುವವರ ಮೇಲೆ ಹೊರೆ ಹೆಚ್ಚುತ್ತದೆ ಎಂಬುದಕ್ಕೆ ಕಾಸರಗೋಡು, ದಕ್ಷಿಣ ಕನ್ನಡದಲ್ಲೇ ತಲೆಮಾರುಗಳ ಪುರಾವೆ ಇದೆ: ತಾಳಮದ್ದಳೆ. ಯಕ್ಷಗಾನದ ವೇಷ, ಕುಣಿತ ಬಿಟ್ಟು, ಅರ್ಥಧಾರಿಗಳು ಎದುರುಬದುರು ಕೂತು, ಭಾಗವತರು ಹಾಡಿದ ಪದಕ್ಕೆ ಅಲ್ಲೇ ಹುಟ್ಟಿದ ಮಾತಿನಲ್ಲಿ ಪಾತ್ರವಾಗುತ್ತಾರೆ. ಬರೆದ ಸಂಭಾಷಣೆ ಇಲ್ಲ, ದಾಳ ಇಲ್ಲ. ಪಾತ್ರ ವಹಿಸಿ ಕೂತು ಆಡುವ ಮಾತಿನ ಕಲೆಯಾಗಿ ಯಾವ ರೋಲ್‌ಪ್ಲೇ ಪುಸ್ತಕಕ್ಕಿಂತಲೂ ಇದು ಮುಂದಿದೆ. ಕಾಸರಗೋಡಿನವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾದ ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಆದರೆ ಅಲ್ಲಿ ಫಲ ಮೊದಲೇ ನಿಶ್ಚಿತ. ಅರ್ಥಧಾರಿ ವಾದದಲ್ಲಿ ಎದುರಾಳಿಯನ್ನು ಕಟ್ಟಿಹಾಕಿದರೂ ಭಾಗವತರ ಮುಂದಿನ ಪದ ಕಥೆಯನ್ನು ಪ್ರಸಂಗದ ದಾರಿಗೇ ತರುತ್ತದೆ, ವಾಲಿ ಸಾಯಲೇಬೇಕು. ರೋಲ್‌ಪ್ಲೇ ಆಟದಲ್ಲಿ ಪ್ರಸಂಗವಿಲ್ಲದ ಕಡೆ ದಾಳ ಆ ಕೆಲಸ ಮಾಡುತ್ತದೆ: ಮಾತಿನಲ್ಲಿ ಸೋತವರಿಗೂ ಗೆಲ್ಲುವ ದಾರಿ ಬಿಡುತ್ತದೆ, ಮಾತುಗಾರನನ್ನೂ ಎಡವಿಸುತ್ತದೆ. ಬಾಯಿ ಕಡಿಮೆ ಇರುವ ಆಟಗಾರ್ತಿ ಪಂಚಾಯತಿನ ಮಾತುಗಾರ್ತಿಯ ಪಾತ್ರ ವಹಿಸಬಯಸಿದರೆ ಅವಳ ಬೆಂಬಲಕ್ಕೆ ಹಾಳೆಯ ಮೇಲೊಂದು ಅಂಕಿ ಇರಬೇಕು. ತಾಳಮದ್ದಳೆ ಕೇಳಿ ಬೆಳೆದವರ ಮೇಜಿಗೆ ಫೇಟ್ ಸಲೀಸು. ಮೊದಲ ಸಲ ಕೂತು ಸಂಕೋಚಪಡುವವರಿಗೆ ಅದೇ ಫೇಟ್ ಶಿಕ್ಷೆ.

ಇಷ್ಟು ತೂಗಿದ ಮೇಲೆ, ತಂಪಾನೂರಿನಂಥ ಕಥೆಗೆ ಶೇಕಡಾವಾರು ಸಿಸ್ಟಮ್ಮೇ ಮೇಲು. ಕಾಲ್ ಆಫ್ ಕ್ತುಲ್ಹುವಿನ ಉಚಿತ ಕ್ವಿಕ್-ಸ್ಟಾರ್ಟ್ ಪುಸ್ತಿಕೆಯನ್ನು ಇಟ್ಟುಕೊಂಡು, ಅದರ ಅಲೌಕಿಕ ಭಯದ ಭಾಗವನ್ನು ಬದಿಗಿರಿಸಿ, ಸುಳಿವಿಗೆ ಗಮ್‌ಶೂ ನಿಯಮ, ದಾಳ ಹಾಕಿಸುವುದರಲ್ಲಿ ಡೆಲ್ಟಾ ಗ್ರೀನ್‌ನ ಜಿಪುಣತನ, ಮನೆಯವರಿಗಾಗಿ ಬಾಂಡ್ ಸೇರಿಸಿದರೆ ಐದಾರು ಕೂಟಗಳ ಆಟಕ್ಕೆ ಸಾಕು. ಪರಿಣತಿಗೆ ಅಂಕಿ ಇದೆ, ಭಾಷೆಗೆ ಅಂಕಿ ಇದೆ, ಸಂಕೋಚದವರಿಗೂ ಆಸರೆ ಇದೆ. ಗುಂಡೇಟು ಬಿದ್ದರೆ ಸಾವು ಹತ್ತಿರ ಎಂಬುದೂ ಆ ಸಿಸ್ಟಮ್‌ನ ಸ್ವಭಾವದಲ್ಲೇ ಇದೆ. ಒಂದೇ ಸಂಜೆಯ ಬಿಡುವಿರುವವರು ‘ಕಾಗದ–ಮಾತು’ ಪುಟವನ್ನು ಎತ್ತಿಕೊಳ್ಳಬಹುದು. ಮಾತಿನ ಮಲ್ಲರೇ ಕೂಡಿದ್ದರೆ ಫೇಟ್. ಗರ್ಪ್ಸ್ ಮತ್ತು ಡಿ20 ಮಾಡರ್ನ್ ಬಗ್ಗೆ ಯೋಚಿಸಬೇಕಾಗಿಲ್ಲ.

ಇಂದಿನ ಕಾಲದ ಆಟಕ್ಕೆ ಮಾತ್ರ ಅಂಟಿಕೊಂಡ ಅಪಾಯವೊಂದು ಉಳಿದಿದೆ. ಡ್ರ್ಯಾಗನ್ ಕೊಂದರೆ ಯಾರಿಗೂ ನೋವಿಲ್ಲ. ಗೊತ್ತಿರುವ ಊರಿನ ಕಥೆಯಲ್ಲಿ ಜಾತಿ, ಧರ್ಮ, ಪಕ್ಷ, ಯಾರದೋ ಮನೆಯಲ್ಲಿ ನಡೆದ ದುರಂತ ಹೇಳದೆ ಕೇಳದೆ ನುಗ್ಗಿಬರುತ್ತವೆ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್-ಕಾರ್ಡ್ ಇದಕ್ಕೆ ಸರಳ ಉಪಾಯ. ಮೇಜಿನ ಮಧ್ಯೆ ಎಕ್ಸ್ ಗುರುತಿನ ಕಾರ್ಡೊಂದು ಇರುತ್ತದೆ. ಯಾರಾದರೂ ಮುಟ್ಟಿದರೆ ಆಗಷ್ಟೇ ಬಂದ ವಿಷಯವನ್ನು ಕಾರಣ ಕೇಳದೆ ಕೈಬಿಡಬೇಕು. ಸೆಕ್ರೆಟೇರಿಯಟ್, ಪೊಲೀಸ್ ಠಾಣೆಗಳು ಕಥೆಯಲ್ಲಿ ಇರಲಿ. ಅಲ್ಲಿ ಈಗ ಕುರ್ಚಿಯಲ್ಲಿರುವ ನಿಜವಾದ ವ್ಯಕ್ತಿಗಳ ಹೆಸರು ಬೇಡ. ಕಥೆಯನ್ನು ಕೊಚ್ಚಿಗೆ ಒಯ್ದರೂ, ಎರ್ನಾಕುಳಂ ಜಂಕ್ಷನ್ನಿನಿಂದ ಮಟ್ಟಾಂಚೇರಿಯ ಗೋದಾಮುಗಳವರೆಗೆ ಬ್ಯಾಗನ್ನು ಅಟ್ಟಿಸಿಕೊಂಡು ಹೋದರೂ, ಸಿಸ್ಟಮ್‌ನಲ್ಲಿ ಬದಲಾಗಬೇಕಾದ್ದು ಏನೂ ಇಲ್ಲ. 2023ರಿಂದ ಓಡುತ್ತಿರುವ ವಾಟರ್ ಮೆಟ್ರೊದ ವೇಳಾಪಟ್ಟಿಯೊಂದನ್ನು ಗೇಮ್ ಮಾಸ್ಟರ್ ಕೈಯಲ್ಲಿ ಇಟ್ಟುಕೊಂಡರೆ ಸಾಕು. ದೋಣಿ ತಪ್ಪಿದವರಿಗೆ ಮುಂದಿನದು ಎಷ್ಟು ಹೊತ್ತಿಗೆ ಎಂಬುದಕ್ಕೆ ದಾಳ ಹಾಕಬೇಕಾಗಿಲ್ಲ.